ಕ್ಯಾಲೆಂಡರಿನ ಚೌಕದಲ್ಲಿ ಒಂದು ಸಾಲು: ಪುರುಸೊತ್ತಿಲ್ಲದ ಅಮ್ಮನ ಕೃತಜ್ಞತೆಯ ಲೆಕ್ಕ

ದಿನಾ ರಾತ್ರಿ ಅವತ್ತಿನ ಒಂದು ಒಳ್ಳೆಯ ಸಂಗತಿ ಬರೆದಿಡುವುದು. ಅಭ್ಯಾಸ ಅಂದರೆ ಇಷ್ಟೇ. ಕೇಳಲಿಕ್ಕೆ ಎಷ್ಟು ಸುಲಭ ಅಲ್ವಾ? ನನಗೆ ಇದು ರೂಢಿಯಾಗಲಿಕ್ಕೆ ಒಂದು ಮಳೆಗಾಲ ಪೂರ್ತಿ ಹಿಡಿಯಿತು. ನಡುವೆ ಸ್ವಲ್ಪ ದುಡ್ಡು ಹೋಯಿತು, ಅತ್ತೆಯ ಜೊತೆ ಸಣ್ಣದೊಂದು ಮುನಿಸೂ ಆಯಿತು. ಈಗ ವರ್ಷ ಕಳೆದಿದೆ. ಶುರು ಮಾಡಬೇಕು ಅಂತ ಇರುವ ಅಮ್ಮಂದಿರಿಗೆ ನಾನು ಸುತ್ತಿದ ಸುತ್ತು ತಪ್ಪಲಿ ಅಂತ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಮನೆಯ ಪರಿಸ್ಥಿತಿ ಹೇಳಿಬಿಡುತ್ತೇನೆ. ಮಂಗಳೂರಿನ ಕೊಟ್ಟಾರದಲ್ಲಿ ಮನೆ. ಬೈಕಂಪಾಡಿಯ ಒಂದು ಕಂಪನಿಯಲ್ಲಿ ನನಗೆ ಅಕೌಂಟ್ಸ್ ಕೆಲಸ. ಗಂಡ ದುಬೈಯಲ್ಲಿ. ಮಗಳು ಆಗ ನಾಲ್ಕನೇ ಕ್ಲಾಸು, ಮಗ ಎಲ್‌ಕೆಜಿ. ಅತ್ತೆ ನಮ್ಮ ಜೊತೆಗೇ ಇದ್ದಾರೆ, ಮಂಡಿನೋವಿದ್ದರೂ ಅಡುಗೆಯಲ್ಲಿ ಅರ್ಧ ಕೆಲಸ ಅವರದ್ದೇ. ಆದರೂ ಬೆಳಿಗ್ಗೆ ಐದೂವರೆಗೆ ಎದ್ದವಳು ರಾತ್ರಿ ಹತ್ತೂವರೆಗೆ ಬೆನ್ನು ಚಾಚುವವರೆಗೆ ಕೂತದ್ದು ಬಸ್ಸಿನಲ್ಲಿ ಮಾತ್ರ, ಅದೂ ಸೀಟು ಸಿಕ್ಕಿದರೆ.

ಕಳೆದ ವರ್ಷ ಜೂನಿನಲ್ಲಿ, ಶಾಲೆ ತೆರೆದು ಮಳೆಯೂ ಹಿಡಿದುಕೊಂಡ ಹೊತ್ತಿಗೆ ಇದು ಶುರುವಾಯಿತು. ಗಂಡ ರಾತ್ರಿ ಒಂಬತ್ತೂವರೆಗೆ ಫೋನ್ ಮಾಡುತ್ತಾರೆ, ಅಲ್ಲಿ ಆಗ ಎಂಟು ಗಂಟೆ. ಮಾತಿಗೆ ಸಿಗುವುದು ಹತ್ತು ಹದಿನೈದು ನಿಮಿಷ. ಅಷ್ಟೂ ಹೊತ್ತು ನಾನು ದೂರು ಓದುತ್ತಿದ್ದೆ. ಗ್ಯಾಸ್ ಮುಗಿಯಿತು, ಬಾತ್‌ರೂಮಿನ ನಳ್ಳಿ ಸೋರುತ್ತದೆ, ಮಗ ಟಿಫಿನ್ ಹಾಗೇ ವಾಪಸ್ ತಂದ, ಕೊಟ್ಟಾರ ಚೌಕಿಯಲ್ಲಿ ನೀರು ನಿಂತು ಬಸ್ಸು ಅಲ್ಲಾಡಲೇ ಇಲ್ಲ. ಒಂದು ದಿನ ಅವರು ಮೆಲ್ಲ ಹೇಳಿದರು, "ನಿಂಗೆ ಫೋನ್ ಮಾಡ್ಲಿಕ್ಕೆ ಹೆದರಿಕೆ ಆಗ್ತದೆ ಮಾರಾಯ್ತಿ. ಒಂದಾದ್ರೂ ಒಳ್ಳೆ ಸುದ್ದಿ ಹೇಳು." ನನಗೆ ಸಿಟ್ಟು ನೆತ್ತಿಗೇರಿತು. ಇಲ್ಲಿ ಬಂದು ಒಂದು ವಾರ ಇದ್ದು ನೋಡಿ, ಆಮೇಲೆ ಒಳ್ಳೆ ಸುದ್ದಿ ಕೇಳಿ ಅಂದು ಫೋನ್ ಇಟ್ಟೆ. ಮಲಗಿದ ಮೇಲೆ ಸುಮ್ನೆ ಯೋಚನೆ ಮಾಡಿದರೆ ಆ ದಿನದ ಒಂದೂ ಒಳ್ಳೆಯ ಸಂಗತಿ ನೆನಪಿಗೆ ಬರಲಿಲ್ಲ. ಏನಾದರೂ ಇದ್ದೇ ಇರಬೇಕಿತ್ತು. ಬೆಳಗಿನಿಂದ ರಾತ್ರಿವರೆಗೆ ತಡಕಿದರೂ ಸಿಗಲಿಲ್ಲ. ಅದು ನನಗೆ ಸ್ವಲ್ಪ ಗಾಬರಿ ಹುಟ್ಟಿಸಿತು.

ಮೊದಲು ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಂಡೆ. ರಾತ್ರಿ ಹತ್ತಕ್ಕೆ ಟಿಂಗ್ ಅನ್ನುತ್ತದೆ, ಮೂರು ಸಾಲು ಬರೆಯಬೇಕು. ಮೊದಮೊದಲು ಖುಷಿಯೇ. ಆದರೆ ಫೋನ್ ಕೈಗೆತ್ತಿಕೊಂಡರೆ ಸುಮ್ಮನಿರಲಿಕ್ಕೆ ಆಗುತ್ತದಾ? ಮಗಳ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ನಾಳೆ ಚಾರ್ಟ್ ಪೇಪರ್ ತರಬೇಕು ಅಂತ ಮೆಸೇಜ್, ಅಲ್ಲಿಂದ ಇನ್ನೊಂದು ಗ್ರೂಪು, ಅಲ್ಲಿಂದ ಯಾರದೋ ಮದುವೆ ಫೋಟೋ. ಅರ್ಧ ಗಂಟೆ ಹೋಗಿ ಬರೆಯುವುದು ಹಾಗೇ ಉಳಿಯುತ್ತಿತ್ತು. ಮೇಲಿಂದ ಉಚಿತ ಅವಧಿ ಮುಗಿದ ಕೂಡಲೇ ವರ್ಷದ ಚಂದಾ ಕಟ್ಟಿ ಅಂತ ಒತ್ತಾಯ. ತೆಗೆದು ಹಾಕಿದೆ. (ಇಂಥ ಆ್ಯಪ್ ಹಾಕುವವರು ಕಾರ್ಡ್ ನಂಬರ್ ಮೊದಲೇ ಕೊಡಬೇಡಿ. ಕೊಟ್ಟಿದ್ದರೆ ಆಟೋ ಪೇ ನಿಲ್ಲಿಸಿದ ಮೇಲೆಯೇ ಆ್ಯಪ್ ತೆಗೆಯಿರಿ. ಆ್ಯಪ್ ತೆಗೆದ ಮಾತ್ರಕ್ಕೆ ದುಡ್ಡು ಕಟ್ ಆಗುವುದು ನಿಲ್ಲುವುದಿಲ್ಲ.)

ಆಮೇಲೆ ಹಂಪನಕಟ್ಟೆಯ ಒಂದು ಅಂಗಡಿಯಲ್ಲಿ ಜರ್ನಲ್ ಅಂತ ಸಿಗುವ ದಪ್ಪ ರಟ್ಟಿನ ಪುಸ್ತಕ ತಂದೆ, 450 ರೂಪಾಯಿ. ಒಳಗೆಲ್ಲ ಇಂಗ್ಲಿಷ್. ಬೆಳಿಗ್ಗೆಗೆ ಐದು ಖಾಲಿ ಗೆರೆ, ರಾತ್ರಿಗೆ ಮೂರು. ನೋಡಲಿಕ್ಕೆ ಎಷ್ಟು ಚಂದ ಇತ್ತು ಅಂದರೆ ಬರೆಯುವಾಗ ಅಕ್ಷರವನ್ನೂ ದುಂಡಗೆ ಬರೆಯಬೇಕು ಅನಿಸುತ್ತಿತ್ತು. ಬೆಳಿಗ್ಗೆ ಐದು ಗೆರೆ ತುಂಬಿಸಲಿಕ್ಕೆ ಯಾರಿಗೆ ಪುರುಸೊತ್ತು ಮಾರಾಯ್ರೆ? ಸ್ಟವ್ ಮೇಲೆ ಒಂದು ಕಡೆ ನೀರ್‌ದೋಸೆ ಕಾವಲಿ, ಇನ್ನೊಂದು ಕಡೆ ಕುಚ್ಚಲಕ್ಕಿಯ ಕುಕ್ಕರ್. ರಾತ್ರಿ ಮಂಚದ ಮೇಲೆ ಪುಸ್ತಕ ತೆರೆದರೆ ಪೆನ್ನು ಹಿಡಿದುಕೊಂಡೇ ನಿದ್ದೆ. ಬರೆದ ದಿನಗಳಲ್ಲೂ ಅದೇ ಮೂರು ಶಬ್ದ: ಮಕ್ಕಳು, ಗಂಡ, ಆರೋಗ್ಯ. ಮರುದಿನ ಮತ್ತೆ ಮಕ್ಕಳು, ಗಂಡ, ಆರೋಗ್ಯ. ಮಗಳ ಶಾಲೆಯ ಡೈರಿಗೆ ಓದದೆ ಸೈನ್ ಹಾಕುತ್ತೇನಲ್ಲ, ಇದೂ ಹಾಗೇ ಆಯಿತು.

ಇಲ್ಲಿಗೆ ಬಿಟ್ಟುಬಿಡುತ್ತಿದ್ದೆನೋ ಏನೋ. ಆಫೀಸಿಗೆ ಹೋಗುವಾಗ ಕೂಳೂರು ಸೇತುವೆಯ ಹತ್ತಿರ ಬಸ್ಸು ನಿಂತಲ್ಲೇ ನಿಲ್ಲುತ್ತಿತ್ತು, ಮಾಡಲಿಕ್ಕೆ ಬೇರೆ ಕೆಲಸ ಇರಲಿಲ್ಲ, ಹಾಗಾಗಿ ಈ ಬಗ್ಗೆ ಸಂಶೋಧನೆ ಮಾಡಿದವರು ನಿಜವಾಗಿ ಏನು ಹೇಳಿದ್ದಾರೆ ಅಂತ ಓದಿದೆ. ಓದಿದ್ದು ಒಳ್ಳೆಯದಾಯಿತು. ಅಮೆರಿಕದ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲಫ್ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಒಂದು ಭಾಗದಲ್ಲಿ ಕಾಲೇಜು ವಿದ್ಯಾರ್ಥಿಗಳು ಬರೆದದ್ದು ವಾರಕ್ಕೆ ಒಂದೇ ಸಲ, ಹತ್ತು ವಾರ. ದಿನಾ ಅಲ್ಲ! ಇನ್ನೊಬ್ಬರು, ಸೋಂಜಾ ಲ್ಯುಬೊಮಿರ್ಸ್ಕಿ ಅಂತ. ಅವರ ಪ್ರಯೋಗದಲ್ಲಿ ವಾರಕ್ಕೆ ಒಮ್ಮೆ ಬರೆದವರಿಗೆ ಪ್ರಯೋಜನ ಕಂಡಿತು, ಮೂರು ಸಲ ಬರೆದವರಿಗೆ ಕಾಣಲಿಲ್ಲ. ಜಾಸ್ತಿ ಬರೆದರೆ ಜಾಸ್ತಿ ಲಾಭ ಅನ್ನುವುದು ಸುಳ್ಳು ಅಂತಾಯಿತು. ಮಾರ್ಟಿನ್ ಸೆಲಿಗ್ಮನ್ ತಂಡದವರು 2005ರಲ್ಲಿ ಮಾಡಿಸಿದ್ದು ಬೇರೆ ಥರ. ಒಂದು ವಾರ ದಿನಾ ರಾತ್ರಿ ಮೂರು ಒಳ್ಳೆಯ ಸಂಗತಿ, ಜೊತೆಗೆ ಅದು ಯಾಕೆ ಆಯಿತು ಅಂತ ಬರೆಯುವುದು. ಈ "ಯಾಕೆ" ಅನ್ನುವುದು ನನ್ನ ಮೂರು ಶಬ್ದಗಳಲ್ಲಿ ಎಲ್ಲೂ ಇರಲಿಲ್ಲ.

ನನಗೆ ಎಲ್ಲಕ್ಕಿಂತ ಸಮಾಧಾನ ಕೊಟ್ಟದ್ದು ಲಂಡನ್ನಿನ ಫಿಲಿಪಾ ಲ್ಯಾಲಿಯವರ ಅಧ್ಯಯನ. 96 ಜನರನ್ನು ಗಮನಿಸಿ ನೋಡಿದಾಗ ಒಂದು ಅಭ್ಯಾಸ ತನ್ನಷ್ಟಕ್ಕೆ ನಡೆಯುವ ಹಂತಕ್ಕೆ ಬರಲಿಕ್ಕೆ ಸರಾಸರಿ 66 ದಿನ ಬೇಕಾಯಿತಂತೆ. ಕೆಲವರಿಗೆ 18ಕ್ಕೇ ಮುಗಿದರೆ ಕೆಲವರಿಗೆ 254ರವರೆಗೂ ಎಳೆಯಬಹುದು ಅನ್ನುವುದು ಅವರ ಲೆಕ್ಕ. ನಡುವೆ ಒಂದು ದಿನ ತಪ್ಪಿದರೆ ಏನೂ ಹಾಳಾಗುವುದಿಲ್ಲ. 21 ದಿನ ಬಿಡದೆ ಮಾಡಿ, ಒಂದು ದಿನ ಬಿಟ್ಟರೆ ಮತ್ತೆ ಮೊದಲಿಂದ ಶುರು ಮಾಡಿ ಅಂತ ಹೇಳುವವರಿದ್ದಾರಲ್ಲ, ಅವರ ಮನೆಯಲ್ಲಿ ಸಣ್ಣ ಮಕ್ಕಳು ಇಲ್ಲ ಅಂತ ಕಾಣುತ್ತದೆ.

ಹಾಗಾದರೆ ಎಲ್ಲಿ ಬರೆಯುವುದು, ಯಾವಾಗ ಬರೆಯುವುದು? ನಾನು ದಿನಾ ಏನೇ ಆದರೂ ಬಿಡದೆ ಮಾಡುವ ಕೆಲಸ ಯಾವುದು ಅಂತ ನೋಡಿದೆ. ಜ್ವರ ಬಂದರೂ, ನೆಂಟರು ಬಂದರೂ, ಕರೆಂಟ್ ಹೋದರೂ ರಾತ್ರಿ ಮಲಗುವ ಮೊದಲು ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಆಫ್ ಮಾಡುತ್ತೇನೆ. ಮದುವೆಗೆ ಮೊದಲು ಅಮ್ಮ ಕಲಿಸಿದ್ದು, ಕೈ ತಾನಾಗಿ ಹೋಗುತ್ತದೆ. ಆ ಸಿಲಿಂಡರಿನ ಮೇಲ್ಗಡೆ ಗೋಡೆಯಲ್ಲಿ ಸೊಸೈಟಿಯವರು ಕೊಟ್ಟ ಕ್ಯಾಲೆಂಡರ್. ನಮ್ಮಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ತಾರೀಕು, ಕೆಲಸದ ಅಕ್ಕ ರಜೆ ಹಾಕಿದ ದಿನ, ಎಲ್ಲ ಅದರ ಮೇಲೆಯೇ. ಒಂದು ರಾತ್ರಿ ರೆಗ್ಯುಲೇಟರ್ ತಿರುಗಿಸಿ ಎದ್ದವಳು ಆ ದಿನದ ಚೌಕದಲ್ಲಿ, ಹಾಲು 1 ಲೀ. ಅಂತ ಬರೆದಿದ್ದರ ಕೆಳಗೆ, "ಕಂಡಕ್ಟರ್ ಓಡಿ ಬರುವುದು ನೋಡಿ ಬಸ್ ನಿಲ್ಲಿಸಿದ" ಅಂತ ಬರೆದೆ. ನಿಂತಲ್ಲೇ. ಅರ್ಧ ನಿಮಿಷವೂ ಆಗಲಿಲ್ಲ.

ಚೌಕ ಸಣ್ಣದು, ಐದಾರು ಶಬ್ದಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ. ಅದೇ ಒಳ್ಳೆಯದಾಯಿತು. "ಆರೋಗ್ಯ" ಅಂತ ಬರೆಯಲಿಕ್ಕೆ ನಾಚಿಕೆ ಆಗುತ್ತದೆ, ಯಾಕೆಂದರೆ ನಿನ್ನೆಯದೂ ಮೊನ್ನೆಯದೂ ಕಣ್ಣೆದುರಿಗೇ ಇರುತ್ತದೆ. ಹಾಗಾಗಿ ಆ ದಿನಕ್ಕೆ ಮಾತ್ರ ಸೇರಿದ್ದನ್ನು ಹುಡುಕಬೇಕಾಗುತ್ತದೆ. ಯಾರು, ಏನು ಮಾಡಿದರು, ಅಷ್ಟು. "ಪಕ್ಕದ ಮನೆ ಅಕ್ಕ ಪತ್ರೊಡೆ ಕೊಟ್ಟರು." "ಮಗ ತಾನೇ ಶೂ ಹಾಕಿದ, ಉಲ್ಟಾ." "ಡಿಸಿ ರಜೆ ಕೊಟ್ಟರು, ರಾತ್ರಿಯೇ ಹೇಳಿದರು." ಈ ಕೊನೆಯದರ ಬೆಲೆ ಕರಾವಳಿಯ ಅಮ್ಮಂದಿರಿಗೇ ಗೊತ್ತು. ಬೆಳಿಗ್ಗೆ ಟಿಫಿನ್ ಕಟ್ಟಿ, ಮಕ್ಕಳಿಗೆ ರೈನ್‌ಕೋಟ್ ಹಾಕಿಸಿ ನಿಲ್ಲಿಸಿದ ಮೇಲೆ ರೆಡ್ ಅಲರ್ಟ್ ಅಂತ ಮೆಸೇಜ್ ಬರುವುದೂ ಉಂಟಲ್ಲ.

ಜುಲೈ ಮುಗಿಯುವಾಗ ಹಾಳೆ ತಿರುಗಿಸುವ ಮೊದಲು ಒಮ್ಮೆ ಪೂರ್ತಿ ಓದಿದೆ. ಆಗ ನನಗೆ ಕಂಡದ್ದನ್ನು ಯಾವ ಸಂಶೋಧಕರೂ ಹೇಳಿರಲಿಲ್ಲ, ಕಡೇಪಕ್ಷ ನಾನು ಓದಿದವರು ಹೇಳಿರಲಿಲ್ಲ. "ಯೂನಿಫಾರ್ಮ್ ಒಣಗಿತು" ಅಂತ ಮತ್ತೆ ಮತ್ತೆ ಬರೆದಿದ್ದೆ. ತಿಂಗಳಿಡೀ ನನ್ನ ದೊಡ್ಡ ಸಂತೋಷ ಅದೇ! ಮಳೆಗಾಲದಲ್ಲಿ ಇಲ್ಲಿ ಬಟ್ಟೆ ಒಣಗುವುದು ಅಂದರೆ ಎಂಥ ಪಾಡು ಅಂತ ಹೇಳಬೇಕಾ? ರಾತ್ರಿ ಫ್ಯಾನ್ ಕೆಳಗೆ ಕುರ್ಚಿಯ ಬೆನ್ನಿಗೆ ಹಾಕುವುದು, ಬೆಳಿಗ್ಗೆ ಇನ್ನೂ ಹಸಿ, ಇಸ್ತ್ರಿ ಪೆಟ್ಟಿಗೆ ಒತ್ತಿದರೆ ಬುಸ್ ಅಂತ ಹಬೆ, ಆ ಮುಗ್ಗಲು ವಾಸನೆ ಬೇರೆ. ಇಬ್ಬರಿಗೂ ಎರಡೆರಡೇ ಜೊತೆ ಇದ್ದವು. ಆ ಶನಿವಾರವೇ ಹೋಗಿ ಇಬ್ಬರಿಗೂ ಇನ್ನೆರಡು ಜೊತೆ ತಂದೆ. ಎಲ್ಲ ಸೇರಿ ಎರಡು ಸಾವಿರದ ಮೇಲೆ ಸ್ವಲ್ಪ ಆಯಿತು. ಆಗಸ್ಟಿನಲ್ಲಿ ಆ ಸಾಲು ಮತ್ತೆ ಬರಲಿಲ್ಲ.

ಅಲ್ಲಿಂದ ತಿಂಗಳ ಕೊನೆಗೆ ಹೀಗೆ ಓದುವುದನ್ನೂ ಸೇರಿಸಿಕೊಂಡೆ. ಆಗಸ್ಟಿನಲ್ಲಿ "ರಿಕ್ಷಾ ಸಿಕ್ಕಿತು" ಅನ್ನುವುದು ಜಾಸ್ತಿ ಇತ್ತು. ಅಂದರೆ ಸಂಜೆ ಡೇ ಕೇರ್‌ನಿಂದ ಮಗನನ್ನು ಕರೆತರಲಿಕ್ಕೆ ದಿನಾ ರಿಕ್ಷಾಕ್ಕೆ ಕಾಯುತ್ತಿದ್ದೆ, ಸಿಕ್ಕಿದರೆ ದೇವರು ಕಂಡ ಹಾಗೆ ಆಗುತ್ತಿತ್ತು. ಅದೇ ಬೀದಿಯ ಇನ್ನಿಬ್ಬರು ಅಮ್ಮಂದಿರನ್ನು ಕೇಳಿ ಒಬ್ಬರೇ ರಿಕ್ಷಾದವರಿಗೆ ತಿಂಗಳ ಲೆಕ್ಕಕ್ಕೆ ಹೇಳಿದೆವು. ಖರ್ಚು ಮೂರು ಪಾಲು ಆಯಿತು. ಯಾವುದು ಪದೇ ಪದೇ ಬರುತ್ತದೆ ಅಂತ ನೋಡಿ ಅನ್ನುವುದು ನನ್ನ ಒಂದೇ ಒಂದು ಸ್ವಂತ ಸಲಹೆ. ಉಳಿದದ್ದೆಲ್ಲ ಬೇರೆಯವರು ಹೇಳಿದ್ದೇ.

ಇನ್ನು ಅತ್ತೆಯ ವಿಷಯ. ಅಡುಗೆಮನೆ ಗೋಡೆಯಲ್ಲಿ ಬರೆದದ್ದನ್ನು ಮನೆಯವರೆಲ್ಲ ಓದುತ್ತಾರೆ ಅನ್ನುವುದಕ್ಕೆ ನೀವು ತಯಾರಿರಬೇಕು. ಒಂದು ದಿನ ಆಫೀಸಿನಿಂದ ಬಂದಾಗ ಅತ್ತೆಯ ಮುಖ ಊದಿಕೊಂಡಿತ್ತು. ಗಂಜಿ ಬಡಿಸಿ ಸುಮ್ಮನೆ ಹೋದರು. ಮರುದಿನ ಬಾಯಿ ಬಿಟ್ಟರು. "ಕಂಡಕ್ಟರ್ ಇದ್ದಾನೆ, ರಿಕ್ಷಾದವ ಇದ್ದಾನೆ, ಪಕ್ಕದ ಮನೆಯವಳ ಪತ್ರೊಡೆ ಉಂಟು. ಐದು ಗಂಟೆಗೆ ಎದ್ದು ತೆಂಗಿನಕಾಯಿ ತುರಿಯುವವಳು ಯಾರು ಮಗಾ?" ನನಗೆ ಏನು ಹೇಳಬೇಕು ಅಂತ ತೋಚಲಿಲ್ಲ. ದಿನಾ ಸಿಗುವುದು ಕಣ್ಣಿಗೆ ಬೀಳುವುದಿಲ್ಲ ಅತ್ತೆ ಅಂದೆ. "ನನ್ನ ಮಂಡಿ ನನಗೆ ದಿನಾ ಬೀಳ್ತದೆ ಕಣ್ಣಿಗೆ" ಅಂದರು.

ಆ ರಾತ್ರಿಯೇ ಅತ್ತೆಯ ಹೆಸರು ಬರೆದರೆ ಅದು ಲಂಚದ ಹಾಗೆ ಕಾಣುತ್ತದೆ. ಹಾಗಾಗಿ ಬರೆಯಲಿಲ್ಲ. ಪೆನ್ನನ್ನು ಅವರ ಕೈಗೇ ಕೊಟ್ಟೆ, ಇವತ್ತಿನದು ನೀವೇ ಬರೆಯಿರಿ ಅಂದೆ. ಬೇಡ ಬೇಡ ಅಂದವರು ಮರುದಿನ ಬೆಳಿಗ್ಗೆ ನೋಡಿದರೆ ಬರೆದಿದ್ದರು. "ಬಂಗುಡೆ ನೂರಕ್ಕೆ 5." ಇದು ಎಂಥ ಕೃತಜ್ಞತೆ ಅಂತ ಕೇಳಿದೆ. ಜೂನ್, ಜುಲೈ ಎರಡು ತಿಂಗಳು ಟ್ರಾಲಿಂಗ್ ನಿಷೇಧ ಇದ್ದು ಒಣಮೀನಿನಲ್ಲೇ ದಿನ ತಳ್ಳಿದ ಮೇಲೆ ಆಗಸ್ಟಿನಲ್ಲಿ ಬೋಟು ಕಡಲಿಗಿಳಿದು ಹಸಿ ಬಂಗುಡೆ ನೂರಕ್ಕೆ ಐದು ಸಿಕ್ಕಿದರೆ ಅದಕ್ಕಿಂತ ದೊಡ್ಡ ಸಂತೋಷ ಏನುಂಟು ಅಂತ ವಾದ ಮಾಡಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ವಾರಕ್ಕೆರಡು ಚೌಕ ಅವರದ್ದೇ. ಬಹುತೇಕ ಮೀನಿನ ರೇಟು, ಮಧ್ಯೆ ಒಮ್ಮೊಮ್ಮೆ "ಮಂಡಿ ಇವತ್ತು ತೊಂದರೆ ಕೊಡಲಿಲ್ಲ." ಈ ಎರಡನೆಯದನ್ನು ಓದಿದ ಮೇಲೆ ಕಾಯಿ ತುರಿಯುವ ಕೆಲಸವನ್ನು ರಾತ್ರಿಯೇ ನಾನು ಮುಗಿಸಿ ಫ್ರಿಡ್ಜಿನಲ್ಲಿ ಇಡುತ್ತಿದ್ದೇನೆ. ಫ್ರಿಡ್ಜಿನ ಕಾಯಿ ರುಚಿ ಇಲ್ಲ ಅಂತ ಗೊಣಗುತ್ತಾರೆ, ಇರಲಿ.

ಸೆಪ್ಟೆಂಬರಿನಲ್ಲಿ ಮಗನಿಗೆ ಜ್ವರ ಬಂತು. ಇಳಿಯುವುದು, ಏರುವುದು. ರಕ್ತ ಪರೀಕ್ಷೆ, ಪ್ಲೇಟ್‌ಲೆಟ್ ಎಷ್ಟು ಅಂತ ರಿಪೋರ್ಟಿಗೆ ಕಾಯುವುದು, ಡೆಂಗಿ ಅಲ್ಲ ಅಂತ ಗೊತ್ತಾಗುವವರೆಗೆ ಊಟ ಗಂಟಲಲ್ಲಿ ಇಳಿಯಲಿಲ್ಲ. ಆ ವಾರದ ಚೌಕಗಳೆಲ್ಲ ಖಾಲಿ. ಆಮೇಲೆ ತುಂಬಿಸಲಿಕ್ಕೂ ಹೋಗಲಿಲ್ಲ. ಖಾಲಿ ಇದ್ದದ್ದು ಖಾಲಿಯೇ ಇರಲಿ. ಜ್ವರ ಬಿಟ್ಟ ದಿನ "ದೋಸೆ ಬೇಕು ಅಂದ" ಅಂತ ಬರೆದು ಮುಂದುವರಿಸಿದೆ.

ಇದೇ ಹೊತ್ತಿಗೆ ಒಂದು ಕಹಿಯೂ ಆಯಿತು. ಮಗನ ಜ್ವರಕ್ಕೆ ರಜೆ ಕೇಳಿದಾಗ ಆಫೀಸಿನಲ್ಲಿ ಮೇಲಿನವರು ಮುಖ ಸಿಂಡರಿಸಿದರು. ಸಂಬಂಧಿಕರೊಬ್ಬರ ಹತ್ತಿರ ಹೇಳಿಕೊಂಡರೆ, ಕೆಲಸ ಉಂಟಲ್ಲ, ಎಷ್ಟು ಜನರಿಗೆ ಅದೂ ಇಲ್ಲ, ಇದ್ದದ್ದರಲ್ಲಿ ತೃಪ್ತಿ ಪಡು ಅಂದರು. ಕೃತಜ್ಞತೆಯನ್ನು ಹೀಗೆ ಬಾಯಿ ಮುಚ್ಚಿಸಲಿಕ್ಕೆ ಬಳಸುವವರು ನಮ್ಮ ಸುತ್ತ ಬಹಳ ಇದ್ದಾರೆ, ಅದರಲ್ಲೂ ಹೆಂಗಸರ ಬಾಯಿ. ನಾನು ಬರೆಯುವುದು ಅದಕ್ಕಲ್ಲ. ಆ ರಾತ್ರಿ ಕ್ಯಾಲೆಂಡರಿನ ಹಾಳೆಯ ಹಿಂದೆ, ಗೋಡೆಗೆ ತಾಗುವ ಬಿಳಿ ಬದಿಯಲ್ಲಿ, ಸಿಟ್ಟೆಲ್ಲ ಬರೆದೆ. ಅದು ಈಗಲೂ ನಡೆಯುತ್ತಿದೆ. ಮುಂದೆ ಒಂದು ಸಾಲು, ಹಿಂದೆ ಬೇಕಾದಷ್ಟು. ಹಿಂದಿನದ್ದನ್ನು ಅತ್ತೆ ಓದಿದ್ದಾರಾ ಅಂತ ನಾನು ಕೇಳಿಲ್ಲ, ಅವರೂ ಹೇಳಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹೆರಿಗೆಯಾಗಿ ಸ್ವಲ್ಪವೇ ಸಮಯ ಆಗಿದ್ದು, ವಾರಗಟ್ಟಲೆ ಅಳು ಬರುತ್ತಿದ್ದರೆ, ನಿದ್ದೆ ಇಲ್ಲದಿದ್ದರೆ, ಮಗುವನ್ನು ಎತ್ತಿಕೊಳ್ಳಲಿಕ್ಕೂ ಮನಸ್ಸಾಗದಿದ್ದರೆ ಪುಸ್ತಕ ಪೆನ್ನು ಹಿಡಿದು ಕೂರಬೇಡಿ. ಡಾಕ್ಟರ ಹತ್ತಿರ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರಿಂದ ಉಂಟು, ನಂಬರ್ 14416. ದುಡ್ಡಿಲ್ಲ, ಯಾವ ಹೊತ್ತಿಗೂ ಮಾಡಬಹುದು, ಕನ್ನಡದಲ್ಲಿ ಮಾತಾಡಬಹುದು. ಆ ಸ್ಥಿತಿಯಲ್ಲಿ ಒಳ್ಳೆಯದು ಯಾವುದೂ ನೆನಪಾಗದಿದ್ದರೆ ಅದು ನಿಮ್ಮ ಸ್ವಭಾವದ ದೋಷ ಅಲ್ಲ.

ಮಕ್ಕಳನ್ನು ಸೇರಿಸಬೇಕಾ? ನಾನು ಒತ್ತಾಯ ಮಾಡಲಿಲ್ಲ. ಊಟಕ್ಕೆ ಕೂತಾಗ ಇವತ್ತು ಚಂದ ಆದದ್ದು ಏನು ಅಂತ ಕೇಳುತ್ತೇನೆ, ಹೇಳಿದರೆ ಹೇಳಿದರು. ಮಗಳು ಪಿಟಿ ಪೀರಿಯಡ್ ಅಂತಾಳೆ, ಇಲ್ಲದಿದ್ದರೆ ಏನೂ ಇಲ್ಲ ಅಂತಾಳೆ. ಮಗನಿಗೆ ಒಂದೇ ಉತ್ತರ, "ಡಿಸಿ ರಜೆ ಕೊಟ್ಟರು." ಡಿಸೆಂಬರಿನಲ್ಲಿ ಬಿಸಿಲು ಸುಡುವಾಗಲೂ ಅದೇ. ಇತ್ತೀಚೆಗೆ ಪಕ್ಕದ ಮನೆ ಅಕ್ಕ ಮಕ್ಕಳಿಗೂ ಒಂದು ಪುಸ್ತಕ ಕೊಟ್ಟು ಬರೆಸಿ ಅಂದರು. ಹೋಮ್‌ವರ್ಕ್ ಸಾಕಷ್ಟು ಉಂಟು ಅವಕ್ಕೆ.

ಗಂಡನ ಫೋನು ಬದಲಾಗಿದೆಯಾ? ಸ್ವಲ್ಪ. ದೂರು ಈಗಲೂ ಉಂಟು, ನಳ್ಳಿ ಈಗಲೂ ಸೋರುತ್ತದೆ. ಆದರೆ ಅವರು ಮೊದಲು "ಇವತ್ತು ಚೌಕದಲ್ಲಿ ಎಂತ ಬರೀತಿ?" ಅಂತ ಕೇಳುತ್ತಾರೆ. ಅದನ್ನು ಹೇಳಲಿಕ್ಕೆ ಅರ್ಧ ನಿಮಿಷ ಸಾಕು, ಆದರೆ ಆಮೇಲೆ ಬರುವ ದೂರಿನ ದನಿ ಬೇರೆಯೇ ಇರುತ್ತದೆ. ಏಪ್ರಿಲಿನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿದ್ದಾಗ ನಾನು ಬರೀ "ನೀರು ಬಂತು", "ನೀರು ಬಂತು" ಅಂತ ಬರೆದಿದ್ದೆ. ಅದನ್ನು ಕೇಳಿ ಅವರೇ ಐನೂರು ಲೀಟರಿನ ಇನ್ನೊಂದು ಟ್ಯಾಂಕಿಗೆ ದುಡ್ಡು ಕಳಿಸಿದರು. ಮೊದಲಾದರೆ ಅದನ್ನೇ ನಾನು ಕೂಗಾಡಿ ಹೇಳುತ್ತಿದ್ದೆ, ಅವರು ಆಯ್ತು ನೋಡುವ ಅನ್ನುತ್ತಿದ್ದರು.

ನನಗೆ ನಿದ್ದೆ ಚೆನ್ನಾಗಿ ಬರುತ್ತದೆ, ತಲೆನೋವು ಹೋಯಿತು ಅಂತೆಲ್ಲ ಹೇಳಲಾರೆ. ಸಿಟ್ಟು ಬರುತ್ತದೆ, ಮಕ್ಕಳ ಮೇಲೆ ರೇಗುತ್ತೇನೆ. ಆದರೆ ಹಗಲಿನಲ್ಲಿ ಒಮ್ಮೊಮ್ಮೆ, ಬಸ್ಸಿನಲ್ಲೋ ಆಫೀಸಿನ ಕ್ಯಾಂಟೀನಿನಲ್ಲೋ, ಇದನ್ನು ರಾತ್ರಿ ಬರೆಯಬಹುದಲ್ಲ ಅಂತ ಹೊಳೆಯುತ್ತದೆ. ಇಷ್ಟಕ್ಕಾದರೂ ಮಾಡಿದ್ದು ಸಾರ್ಥಕ ಅನಿಸುತ್ತದೆ.

ಖರ್ಚಿನ ಬಗ್ಗೆ ಕೇಳುವವರಿಗೆ: ಜರ್ನಲ್ಲಿನ 450 ದಂಡ, ಅದರ ಉಳಿದ ಹಾಳೆಯಲ್ಲಿ ಮಗಳು ಚಿತ್ರ ಬಿಡಿಸಿ ಮುಗಿಸಿದಳು. ಕ್ಯಾಲೆಂಡರ್ ಪುಕ್ಕಟೆ. ಚೌಕ ದೊಡ್ಡದಿರುವುದನ್ನು ನೋಡಿ ತನ್ನಿ, ದೇವರ ಚಿತ್ರ ದೊಡ್ಡದಿದ್ದರೆ ಚೌಕ ಸಣ್ಣದಾಗಿರುತ್ತದೆ. ಜೆಲ್ ಪೆನ್ನು ಬೇಡ, ಮಳೆಗಾಲದಲ್ಲಿ ಗೋಡೆಯ ತೇವಕ್ಕೆ ಶಾಯಿ ಹರಡುತ್ತದೆ. ಬಾಲ್ ಪೆನ್ನೂ ಅಷ್ಟಕ್ಕಷ್ಟೆ, ಗೋಡೆಗೆ ಹಿಡಿದು ಬರೆಯುವಾಗ ಸ್ವಲ್ಪ ಹೊತ್ತಿಗೆ ಶಾಯಿ ಬರುವುದು ನಿಲ್ಲುತ್ತದೆ. ಪೆನ್ಸಿಲ್ ಒಳ್ಳೆಯದು. ಅದನ್ನು ದಾರ ಕಟ್ಟಿ ಮೊಳೆಗೆ ನೇತು ಹಾಕಿ, ದಾರವನ್ನು ಗಿಡ್ಡ ಮಾಡಿ, ಇಲ್ಲದಿದ್ದರೆ ಮರುದಿನ ಅದು ಮಗನ ಬ್ಯಾಗಿನಲ್ಲಿ ಸಿಗುತ್ತದೆ.